ಸೆರಗಿನೊಳಗಿನ ಕೈ

ಜೈನಬಿಯ ಕೈಗಳು ಎರಡೇ ಕಡೆ ಇರುತ್ತಿದ್ದವು: ಮಗ್ಗದ ಮೇಲೆ, ಇಲ್ಲವೆ ಸೆರಗಿನೊಳಗೆ. ಎಪ್ಪತ್ತರ ದಶಕದಲ್ಲಿ ನಾನು ನವಲಗುಂದದಲ್ಲಿ ಮಾಸ್ತರನಾಗಿದ್ದಾಗ ನಮ್ಮೆರಡು ಮನೆಗಳಿಗೆ ಹಿತ್ತಲು ಒಂದೇ. ದಿನಾ ಮುಂಜಾನೆ ಆಕೆ ಜಮಖಾನ ನೇಯುವ ಸದ್ದು ಹಬ್ಬ, ಜ್ವರ, ನೆಂಟರಿಷ್ಟರ ಮದುವೆ, ಯಾವುದಕ್ಕೂ ನಿಂತದ್ದು ನನಗೆ ಗೊತ್ತಿರಲಿಲ್ಲ.

ಸಂಜೆ ನೇಯ್ಗೆ ಕಲಿಯಲು ಬರುತ್ತಿದ್ದ ಹುಡುಗಿ ರಜಿಯಾಬೇಗಂ ಬಣ್ಣ ತಪ್ಪಿಸಿ, ಮೊಳದುದ್ದ ನೇಯ್ದದ್ದನ್ನು ಅಳುತ್ತ ಬಿಚ್ಚುವಾಗಲೂ, ಪಕ್ಕದಲ್ಲೇ ಕುಳಿತ ಆ ಸ್ಥೂಲಕಾಯದ ಗುರುಮಾತೆ ಸೆರಗಿನಿಂದ ಕೈ ಹೊರತೆಗೆಯುತ್ತಿರಲಿಲ್ಲ. “ನೋಡೂಣು, ನೋಡೂಣು” ಎಂಬುದೊಂದೇ ಆಕೆಯ ಮಂತ್ರ. ಹುಡುಗಿ ಬಿಚ್ಚಿ ಮುಗಿಸುವವರೆಗೆ ಆಕೆಯೂ ಏಳುತ್ತಿರಲಿಲ್ಲವೆಂಬುದನ್ನು ಮಾತ್ರ ನಾನು ಗಮನಿಸಲಿಲ್ಲ. ಕರುಳಿಲ್ಲದ ಹೆಂಗಸೆಂದು ತೀರ್ಮಾನಿಸಿಬಿಟ್ಟಿದ್ದೆ. ತಪ್ಪು ಕಂಡಲ್ಲೆಲ್ಲ ಕೆಂಪು ಶಾಯಿಯ ಗೆರೆ ಎಳೆಯುವುದೇ ಪರೋಪಕಾರವೆಂದು ನಂಬಿದ್ದ ಮಾಸ್ತರ ನಾನು.

ಒಂದು ಬೇಸಿಗೆಯ ಮುಂಜಾನೆ ಹಿತ್ತಲಿನ ನಿಂಬೆಗಿಡದ ಗೂಡಿನಿಂದ ಬುಲ್‌ಬುಲ್ ಮರಿಯೊಂದು ಕೆಳಗಿಳಿದು, ಮೋಟುಬಾಲ ಆಡಿಸುತ್ತ ಕುಪ್ಪಳಿಸುತ್ತಿತ್ತು. ನಾನು ಧಾವಿಸಿದೆ. ಕೋಲೊಂದನ್ನು ಪಕ್ಕಕ್ಕಿಟ್ಟುಕೊಂಡು ಹೊಸ್ತಿಲಲ್ಲಿ ಕುಳಿತಿದ್ದ ಜೈನಬಿ, ನಾನು ಕಂಡಂತೆ ಮೊದಲ ಸಲ, ಇನ್ನೊಬ್ಬರ ಕೆಲಸಕ್ಕೆ ಕೈ ಅಡ್ಡ ಚಾಚಿದಳು.

“ಬ್ಯಾಡ್ರಿ ಮಾಸ್ತರ. ಹಾರೂದು ಕಲಿಯಾಕ ಇಳದೈತಿ. ಅದರವ್ವ ಇಲ್ಲೇ ಅದಾಳ.”

“ಬೆಕ್ಕು ಬಂದ್ರ?”

“ನಾ ಕುಂತೀನಲ್ರೀ.”

“ನಿಮಗ ಕರುಳ ಅನ್ನೂದು ಐತೇನ್ರಿ?” ಎಂದವನೇ ಆ ಕೈಯನ್ನು ತಪ್ಪಿಸಿ ಹೋಗಿ ಮರಿಯನ್ನು ಎತ್ತಿಕೊಂಡೆ. ಚಾಚಿದ ಕೈ ಮೆಲ್ಲನೆ ಸೆರಗಿನೊಳಗೆ ಹೋಯಿತು.

ಸೀಮೆಸುಣ್ಣದ ಡಬ್ಬಿಯಲ್ಲಿ ಅರಳೆ ಹಾಸಿ, ಕಿಟಕಿ ಮುಚ್ಚಿ, ಕೊಕ್ಕು ಬಿಡಿಸಿ ಬಿಡಿಸಿ ಹಾಲನ್ನ ತುರುಕಿದೆ. ಎಷ್ಟು ಹೆಮ್ಮೆಯಿತ್ತು ನನಗೆ! ಮರುದಿನ ಮಧ್ಯಾಹ್ನ ಮರಿ ಸತ್ತಿತು. ಹೇಳಲು ಹೋದಾಗ ಜೈನಬಿ ಬೈಯಲಿಲ್ಲ. “ಅದರವ್ವ ಇನ್ನಾ ಬಾಯಾಗ ಹುಳಾ ಹಿಡಕೊಂಡು ಹುಡುಕಾಕತ್ತಾಳ್ರಿ” ಎಂದಷ್ಟೇ ಹೇಳಿ ನೇಯಲು ಕುಳಿತಳು. ಆ ಸದ್ದು ಶುರುವಾದಾಗ ನನಗೆ ಹೊಳೆಯಿತು: ನಿನ್ನೆ ಮುಂಜಾನೆ ಅದು ಕೇಳಿಸಿರಲಿಲ್ಲ. ಜ್ವರಕ್ಕೂ ನಿಲ್ಲದ ಮಗ್ಗವನ್ನು ಆಕೆ ಒಂದು ಮರಿಯ ಕಾವಲಿಗಾಗಿ ನಿಲ್ಲಿಸಿದ್ದಳು.

ಕ್ಷಮೆ ಕೇಳಬೇಕೆಂದು ದಿನಾ ಅಂದುಕೊಂಡೆ; ಕೇಳದೆಯೇ ವರ್ಗವಾಗಿ ಹೋದೆ. ಆ ನಾಚಿಕೆ ಇನ್ನೂ ಆರಿಲ್ಲ. ಎತ್ತಿಕೊಳ್ಳುವವರ ಕರುಣೆ ಊರಿಗೆಲ್ಲ ಕಾಣುತ್ತದೆ, ಅವರಿಗೆ ಹೊಗಳಿಕೆಯೂ ಸಿಗುತ್ತದೆ. ತನ್ನ ಕೆಲಸ ಬಿಟ್ಟು, ಕೈಯನ್ನು ತಾನೇ ಬಿಗಿಹಿಡಿದು, ಬೆಕ್ಕು ಬರುವ ದಾರಿಯ ಮೇಲೆ ಕಣ್ಣಿಟ್ಟು ಕೂಡುವ ಜನ ಬಹಳ ಇಲ್ಲ. ಇರುವವರನ್ನು ಕರುಳಿಲ್ಲದವರೆಂದು ಕರೆಯಲು ನನ್ನಂಥವರು ಇದ್ದೇ ಇರುತ್ತೇವೆ.