ಪಾಲುದಾರರ ಹೆಸರು

ಪಕ್ಕದ ಅಂಗಡಿಯಲ್ಲಿ ಖಾರ ಕರಿಯುವ ಎಣ್ಣೆಯ ಘಾಟು ಕಿಟಕಿಯಿಂದ ನುಗ್ಗಿ ಹುಡುಗರು ಕೆಮ್ಮುತ್ತಿದ್ದಾರೆ, ಕೆಮ್ಮಲಿ, ಸವಣೂರಿನಲ್ಲಿ ಹುಟ್ಟಿ ಖಾರಕ್ಕೆ ಕೆಮ್ಮುವವರು ಅಕೌಂಟೆನ್ಸಿ ಏನು ಕಲಿತಾರು, ಬೋರ್ಡಿನ ಮೇಲೆ ಪಾಲುದಾರನ ಮರಣ ಎಂದು ಬರೆದವನು ನಾನೇ, ಅದರ ಕೆಳಗೆ ಏನೂ ಇಲ್ಲ, ಬರಿಯಪ್ಪಾ ವಾದಿರಾಜ ಮಾಸ್ತರಾ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವ ಪಾಠ, ಸತ್ತವರ ಬಂಡವಾಳ ವಾರಸುದಾರರ ಖಾತೆಗೆ — ಮಗಳಿಗೆ ತಂದೆ ವಾರಸುದಾರ ಆಗುವುದು ಯಾವ ಶಾಸ್ತ್ರವಪ್ಪಾ, ಬೆಳಿಗ್ಗೆ ಹೆಂಡತಿ ಗೋಪಿಕಾ ನನ್ನ ಡಬ್ಬಿ ಕಟ್ಟುತ್ತ, ಇವತ್ತೊಂದಿನ ರಜಾ ಹಾಕ್ರಿ ಅಂದಳು, ಯಾಕ ಹಾಕಲಿ, ಪರೀಕ್ಷಾಕ್ಕ ಬರೋ ಪಾಠ ಅದ, ಅಂದೆ, ಅವಳ ಕೈಯಲ್ಲಿ ಎರಡನೇ ಡಬ್ಬಿಯ ಮುಚ್ಚಳ ಇತ್ತು, ಆ ಕೈಗೆ ಇನ್ನೂ ಗೊತ್ತಾಗಿಲ್ಲ.

ಎರಡನೇ ಬೆಂಚಿನ ಕಡೆ ನೋಡಬಾರದು, ನೋಡಿದೆ, ಮದಿಹಾ ಒಬ್ಬಳೇ, ಪಕ್ಕದ ಜಾಗಕ್ಕೆ ಯಾರೂ ಸರಿದಿಲ್ಲ, ನನ್ನ ವೃಂದಾ ಅಲ್ಲಿ ಕೂಡುತ್ತಿದ್ದಳು, ಶ್ರಾವಣದಲ್ಲಿ ಡೆಂಗ್ಯೂ, ಹುಬ್ಬಳ್ಳಿಯ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದ ಕೈಯಿಂದಲೇ ನನ್ನ ಅಂಗಿ ಎಳೆದು, ಅಪ್ಪಾ, ಎಷ್ಟು ಪಾಠ ಆದವು, ನಾ ಹಿಂದ ಬೀಳ್ತೀನಿ — ನೀ ಬರೂತನಕಾ ಮುಂದ ಹೋಗಂಗಿಲ್ಲ ಬಿಡು, ಅಂದೆ, ಅವಳು ಬರಲಿಲ್ಲ, ಹೆಣ ಬಂತು, ನಾನು ಮುಂದೆ ಹೋದೆ, ಸಿಲೆಬಸ್ ಯಾರ ಮಗಳಿಗೂ ಕಾಯುವುದಿಲ್ಲ, ಮೊದಲೆಲ್ಲ ನನ್ನ ಲೆಕ್ಕಗಳಲ್ಲಿ ಕ್ಲಾಸಿನ ಮಕ್ಕಳೇ ಪಾಲುದಾರರು, ವೃಂದಾ, ಶೈಲಾ, ಮದಿಹಾ ಬಳೆ ಅಂಗಡಿ ಇಡುತ್ತಿದ್ದರು, ಮಗಳಿಗೆ ಪಾಲು ಜಾಸ್ತಿ ಕೊಡ್ತೀರಲ್ರಿ ಸರ್ ಎಂದು ಶಿವಯೋಗಿ ಕಿಸಕ್ಕನೆ ನಗುತ್ತಿದ್ದ, ಹೌದಲೇ, ಕೊಡ್ತೀನಿ, ನಿನಗ್ಯಾಕ ಹೊಟ್ಟೆಕಿಚ್ಚು — ಈಗ ಪಾಲುದಾರರ ಹೆಸರು ಅ, ಬ, ಕ, ಅವರಿಗೆ ಜ್ವರ ಬರುವುದಿಲ್ಲ, ಅ ಸತ್ತರೆ ಯಾರೂ ಅಳುವುದಿಲ್ಲ, ಬರಿ, ಅ ಎಂದು ಬರಿ, ಕೈ ಏಳುತ್ತಿಲ್ಲ.

ಸರ್, ಈ ಪಾಠ ನಮಗ ಬರ್ತೇತ್ರಿ, ಶಿವಯೋಗಿ ಎದ್ದು ನಿಂತಿದ್ದಾನೆ, ನಾವ ಓದ್ಕೊಂಡೇವ್ರಿ, ಕಂಪನಿ ಶೇರಿನ ಪಾಠ ಶುರು ಮಾಡ್ರಿ, ಹೌದ್ರಿ ಸರ್, ಹೌದ್ರಿ, ಇಡೀ ಕ್ಲಾಸು ಕೋಲೆ ಬಸವನ ಹಾಗೆ ತಲೆ ಆಡಿಸುತ್ತಿದೆ, ಪುಸ್ತಕ ಮುಟ್ಟದವನು ಓದಿಕೊಂಡನಂತೆ, ಸುಳ್ಳು ಹೇಳಲೂ ಬರುವುದಿಲ್ಲ ಈ ಶಾಣ್ಯಾಗಳಿಗೆ, ನನ್ನ ಮೇಲೆ ಕರುಣೆ ತೋರಿಸಿರೆಂದು ಯಾರು ಬೇಡಿದರು, ಬರ್ತದೇನು, ಹಂಗಾದ್ರ ಬಂದು ಬರದು ತೋರಸ್ರಿ, ಯಾರು ಬರ್ತೀರಿ, ನಾನು ಇಷ್ಟು ಜೋರಾಗಿ ಕೂಗಿದ್ದು ಯಾಕೆ, ಹುಡುಗಿಯರು ಬೆಚ್ಚಿಬಿದ್ದರು, ಮದಿಹಾ ಎದ್ದಳು, ನಾ ಬರೀತೇನ್ರಿ ಸರ್, ನನ್ನ ಬೆರಳಿನಿಂದ ಸೀಮೆಸುಣ್ಣ ಬಿಡಿಸಿಕೊಂಡಳು, ಬರೆಯುತ್ತಿದ್ದಾಳೆ, ವೃಂದಾ, ಶೈಲಾ ಮತ್ತು ಮದಿಹಾ ಪಾಲುದಾರರು — ಬೇಡ ತಾಯಿ, ಆ ಹೆಸರು ಬೇಡ, ಮುಂದಿನ ಸಾಲು ನನಗೆ ಗೊತ್ತು, ಎಷ್ಟು ವರ್ಷ ನಾನೇ ಬರೆಸಿದ್ದೇನೆ, ಯಾರಾದರೊಬ್ಬರು ಸಾಯಲೇಬೇಕು, ಇಲ್ಲದಿದ್ದರೆ ಲೆಕ್ಕವೇ ಇಲ್ಲ, ಮೇಜು ಹಿಡಿದುಕೊಂಡೆ, ಸೀಮೆಸುಣ್ಣ ಕಿರುಗುಟ್ಟುತ್ತಿದೆ, ಮದಿಹಾ ಮರಣ ಹೊಂದಿದಳು, ಹುಚ್ಚಿ, ನಿನ್ನ ಹೆಸರು, ನಿನ್ನನ್ನೂ ಹೆತ್ತವರಿದ್ದಾರೆ, ಅಳಿಸು ಅನ್ನಬೇಕು, ಅವಳು ತಿರುಗಿ ನೋಡುತ್ತಿಲ್ಲ, ಭುಜ ಅಲುಗುತ್ತಿದೆ, ಬರೆಯುತ್ತಲೇ ಇದ್ದಾಳೆ, ವೃಂದಾ ಮತ್ತು ಶೈಲಾ ವ್ಯವಹಾರ ಮುಂದುವರಿಸಿದರು, ಬಿಳಿ ಅಕ್ಷರ, ವೃಂದಾ ಮುಂದುವರಿಸಿದಳು, ಅಳಿಸಬೇಕು, ವೃಂದಾ ಮುಂದುವರಿಸಿದಳು, ಬಿಳಿ ಅಕ್ಷರ, ವೃಂದಾ