ಕಳಿಸಿದವರ ಹೆಸರು

ಮಸೂತಿಯ ಸಾಲೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ನಾನು ಬಡಿದು ಬಡಿದು ಹೇಳಿದ್ದು ಒಂದೇ ಮಾತು: ಮೊದಲು ಪ್ರಶ್ನೆ ಪೂರ್ತಿ ಓದು, ಆಮೇಲೆ ಉತ್ತರ ಬರಿ. ಓದದೆ ಬರೆದವರ ಕಿವಿ ಹಿಂಡಿದ್ದೇನೆ. ಈಗ ನನ್ನ ಕಿವಿ ಹಿಂಡುವವರು ಯಾರೂ ಇಲ್ಲ, ಅದೇ ಸಂಕಟ.

ಕುರಿ ಕಾಯುವ ಸೋಮನಿಂಗನ ಮಗಳು ಮಾಲಾ. ಅವಳಿಗೆ ವಿಜಯಪುರದ ಕಾಲೇಜೊಂದರಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ ಎಂದು ಪತ್ರ ಬಂತು. ಅವರ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದ ಮೊದಲ ಹುಡುಗಿ. ಬುಧವಾರ ಸಂಜೆ ಐದರೊಳಗೆ ನಲವತ್ತೆರಡು ಸಾವಿರ ಫೀ ಕಾಲೇಜಿನ ಖಾತೆಗೆ ಮುಟ್ಟಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ. ಸೋಮನಿಂಗ ಟಗರು ಮಾರಿ ರೊಕ್ಕ ತಂದು ನನ್ನ ಕೈಗಿಟ್ಟ.

"ನೀವ ತುಂಬ್ರಿ ಮಾಸ್ತರ. ನಿಮ್ಮ ಕೈಲೆ ಹೋದ್ರ ನನಗ ಚಿಂತಿಲ್ಲ," ಎಂದವನೇ ಹಿಂಡಿನ ಜೊತೆ ತಾಳಿಕೋಟೆಯ ಕಡೆ ಹೊರಟುಹೋದ.

ನನಗೂ ಚಿಂತೆ ಇರಲಿಲ್ಲ. ಮನಿಯಾರ್ಡರ್ ಕಾಲದಿಂದಲೂ ಊರಿನ ಕುರಿಗಾರರ ರೊಕ್ಕ ಕಳಿಸುತ್ತಿದ್ದವನು ನಾನೇ. ಕಳಿಸಿದವರ ಹೆಸರು ಎಂಬಲ್ಲಿ ಯಾವಾಗಲೂ ನನ್ನ ಹೆಸರನ್ನೇ ಬರೆಯುತ್ತಿದ್ದೆ. ಅವರೋ ವರ್ಷದಲ್ಲಿ ಎಂಟು ತಿಂಗಳು ಕುರಿಗಳ ಹಿಂದೆ ಊರೂರು. ರೊಕ್ಕ ವಾಪಸು ಬಂದರೆ ಪೋಸ್ಟಮನ್ ಯಾರ ಬಾಗಿಲು ಬಡಿಯಬೇಕು? ನನ್ನ ಹೆಸರಿದ್ದರೆ ನನ್ನ ಮನೆಗೆ ಬರುತ್ತದೆ. ಹೀಗೆ ಮಾಡಿ ಯಾರದೂ ಒಂದು ಪೈಸೆ ಕಳೆದಿಲ್ಲ. ಇದರ ಬಗ್ಗೆ ನನಗೆ ಸೊಕ್ಕೂ ಇತ್ತು, ಸುಳ್ಳು ಯಾಕೆ ಹೇಳಲಿ.

ಸೋಮವಾರ ಬಸವನ ಬಾಗೇವಾಡಿಯ ಬ್ಯಾಂಕಿಗೆ ಹೋದೆ. ಫಾರ್ಮಿನಲ್ಲಿ 'ರೆಮಿಟರ್' ಎಂಬ ಖಾನೆ, ಅದರ ಕೆಳಗೆ 'ಹಣ ಕಳಿಸುವವರು' ಎಂದಿತ್ತು. ದುಂಡಗೆ ಬರೆದೆ: ರಾಮಚಂದ್ರ, ನಿವೃತ್ತ ಶಿಕ್ಷಕ, ಮಸೂತಿ. ವಾಪಸು ಬಂದರೆ ಇರಲಿ ಅಂತ ನನ್ನ ಪಿಂಚಣಿ ಖಾತೆಯ ನಂಬರನ್ನೂ ಹಾಕಿದೆ.

ಗುರುವಾರ ಮಾಲಾಳನ್ನು ಕರೆದುಕೊಂಡು ಕಾಲೇಜಿಗೆ ಹೋದೆ. ಹುಡುಗಿ ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ಹಾಸ್ಟೆಲಿಗೆ ಎಷ್ಟು ರೊಟ್ಟಿ ಕಟ್ಟಿಕೊಳ್ಳಲಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಒಯ್ದರೆ ನಗುತ್ತಾರೋ ಏನೋ ಎಂದು ದಾರಿಯುದ್ದಕ್ಕೂ ಒಂದೇ ಸಮ ಕೇಳಿದಳು.

ಫೀ ವಿಭಾಗದಲ್ಲಿದ್ದ ಅನೀಲಕುಮಾರ ಎಂಬ ಗುಮಾಸ್ತ ಕಂಪ್ಯೂಟರ್ ನೋಡಿ, "ಮಾಲಾ ಅನ್ನೋರ ಫೀ ಬಂದಿಲ್ರಿ," ಎಂದ.

ನಾನು ಬ್ಯಾಂಕಿನ ರಸೀದಿಯನ್ನು ಮೇಜಿನ ಮೇಲೆ ಅಪ್ಪಳಿಸಿದೆ. "ಇದೇನು ಮತ್ತ? ಕಣ್ಣು ಅದಾವೋ ಇಲ್ಲೋ?"

ಅವನು ಓದಿದ. "ರೆಮಿಟರ್ ರಾಮಚಂದ್ರ ಅಂದ್ರ ಯಾರ್ರಿ?"

"ನಾನೇ."

"ಹುಡುಗಿಗೆ ಏನಾಗಬೇಕ್ರಿ?"

"ಮಾಸ್ತರ."

"ನಡಿಯಂಗಿಲ್ರಿ ಸರ. ಬ್ಯಾಂಕಿಗೆ ಹೋಗಿ ರೊಕ್ಕ ಕಟ್ಟಿ ಬಂದೋರು ಯಾರರ ಇರ್ಲಿ. ರೆಮಿಟರ್ ಅಂದ್ರ ಆ ರೊಕ್ಕ ಯಾರ ಹೆಸರೀಲೆ ಬರ್ತೈತೋ ಅವ್ರು. ವಿದ್ಯಾರ್ಥಿ, ಇಲ್ಲಾ ತಂದಿ-ತಾಯಿನ ಇರಬೇಕಂತ ಪತ್ರದಾಗ ಬರದೇವಲ್ರಿ."

ಪತ್ರ ನನ್ನ ಚೀಲದಲ್ಲೇ ಇತ್ತು. ತೆಗೆದು ಹಾಳೆ ತಿರುವಿದೆ. ಹಿಂಬದಿಯಲ್ಲಿ, ದಪ್ಪ ಅಕ್ಷರದಲ್ಲಿ, ಇತ್ತು. ಅಲ್ಲಿಯವರೆಗೆ ನಾನು ಹಾಳೆ ತಿರುವಿಯೇ ಇರಲಿಲ್ಲ.

"ರೊಕ್ಕ ಖರೆ, ತಾರೀಖು ಖರೆ. ಒಂದು ಹೆಸರಿನ ಸಲುವಾಗಿ ಕೂಸಿನ ಬಾಳೇ ಹಾಳು ಮಾಡ್ತೀರೇನು?" ಎಂದು ಕೂಗಾಡಿದೆ. ಆಮೇಲೆ ಕೈ ಮುಗಿದೆ. ನನ್ನ ಮಗನ ವಯಸ್ಸಿನವನಿಗೆ.

ಅವನು ಎದ್ದು ತನ್ನ ಕುರ್ಚಿಯನ್ನೇ ನನಗೆ ಕೊಟ್ಟ. "ಹೆಸರು ನಮ್ಮ ಪಟ್ಟಿಗಿ ಹೊಂದ್ಲಿಲ್ಲಂದ್ರ ರೊಕ್ಕ ತಿರುಗಿ ಕಳಿಸ್ತಾರ್ರಿ. ಸೀಟು ನಿನ್ನೆ ಐದಕ್ಕ ಬ್ಯಾರೆಯವ್ರಿಗೆ ಹೋತು. ನನ್ನ ಕೈಯಾಗ ಏನೂ ಇಲ್ರಿ." ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವನು ನೀರು ತಂದುಕೊಟ್ಟ.

ಮಾಲಾ ಅಳಲಿಲ್ಲ. ನನ್ನ ಚೀಲವನ್ನೂ ತಾನೇ ಹೊತ್ತು ಬಸ್ ಸ್ಟ್ಯಾಂಡಿಗೆ ಬಂದಳು. ಅಲ್ಲಿ ನನ್ನ ಫೋನಿಗೆ ಬ್ಯಾಂಕಿನ ಮೆಸೇಜು ಬಂತು: ನಲವತ್ತೆರಡು ಸಾವಿರ ನನ್ನ ಖಾತೆಗೆ ಜಮಾ. ಅಯ್ಯೋ, ಎಷ್ಟು ಚೊಕ್ಕಾಗಿ ಬಂದಿತ್ತು! ಅದರ ಹಿಂದೆಯೇ ಸೋಮನಿಂಗನ ಕರೆ. ನಾನು ಎತ್ತದೆ ನೋಡುತ್ತ ನಿಂತಿದ್ದಕ್ಕೆ ಮಾಲಾ ಫೋನು ಇಸಕೊಂಡಳು.

"ಸೀಟು ಹೋತಪ್ಪಾ... ಕಾಗದದಾಗ ಏನೋ ತಪ್ಪಾತಂತ... ರೊಕ್ಕ ಐತಿ. ಸರ ಹೆಸರಿಗಿ ತಿರುಗಿ ಬಂದೈತಿ."

ಯಾರ ತಪ್ಪು ಎಂದು ಅವಳು ಹೇಳಲಿಲ್ಲ. ನನಗೆ ತಡೆಯಲಾಗಲಿಲ್ಲ, "ಕೊಡವಾ ಇಲ್ಲೆ," ಎಂದೆ. ಅವಳೇ ಫೋನನ್ನು ನನ್ನ ಕಿವಿಗೆ ಹಿಡಿದಳು.

"ಸೋಮನಿಂಗಾ, ತಪ್ಪು ನಂದಪಾ. ನಿನ್ನ ಹೆಸರು ಬರಿಬೇಕಾಗಿತ್ತು, ನಾನು ನನ್ನ ಹೆಸರು ಬರದೆ."

ಆ ಕಡೆ ಕುರಿಗಳು ಒದರುತ್ತಿದ್ದವು.

"ಹಂಗ ಅನಬ್ಯಾಡ್ರಿ ಮಾಸ್ತರ. ಸೀಟು ಆಕಿ ಹಣ್ಯಾಗ ಬರದಿರಲಿಲ್ಲ. ನಿಮ್ಮ ಹೆಸರು ಇತ್ತಂತ ರೊಕ್ಕರ ಮನಿಗಿ ಬಂತು. ನನ್ನ ಹೆಸರಿದ್ರ ಈ ಅಡವ್ಯಾಗ ನನ್ನ ಯಾರ ಹುಡುಕತಿದ್ರು?" ಕುರಿಗಳನ್ನು ಒಮ್ಮೆ ಗದರಿಸಿ ಮತ್ತೆ ಅಂದ: "ಬರೋ ವರ್ಸಾನೂ ನೀವ ತುಂಬ್ರಿ. ನಿಮ್ಮ ಹೆಸರೀಲೇನ ಕಳಸ್ರಿ."

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವನು ಫೋನು ಇಟ್ಟಿದ್ದ. ಮಾಲಾ ಮಾತ್ರ ಅದನ್ನು ನನ್ನ ಕಿವಿಗೆ ಹಾಗೇ ಹಿಡಿದುಕೊಂಡು ನಿಂತಿದ್ದಳು.