ಹವೆಯ ಸಾಕ್ಷಿ

ಪೈಲಟ್ ರೂಬೆನ್ ಅದನ್ನು ಸಾಕ್ಷಿ ಎಂದು ಕರೆಯುತ್ತಿದ್ದ. "ಅಕ್ಕಂದಿರೇ, ಸಾಕ್ಷಿ ಕೊಡಿ," ಎನ್ನುತ್ತ ದಿನಾ ಬೆಳಿಗ್ಗೆ ಆರಕ್ಕೆ ಅವನ ದನಿ ಕರಾವಳಿಯಿಂದ ರೇಡಿಯೋದಲ್ಲಿ ತೇಲಿ ಬರುತ್ತಿತ್ತು. ಇಂಡೋನೇಷ್ಯಾದ ಕಾಲಿಮಂತಾನಿನ ಒಳನಾಡಿನಲ್ಲಿ ಚದುರಿಹೋಗಿದ್ದ ಒಂಬತ್ತು ಮಿಷನ್ ಮನೆಗಳ ಹೆಂಗಸರು ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ಆಕಾಶ ಹೇಗಿದೆ ಎಂದು ಹೇಳಬೇಕು. ಅದನ್ನು ಕೇಳಿಯೇ ಅವನು ಪುಟ್ಟ ವಿಮಾನವನ್ನು ಎಲ್ಲಿಗೆ ತರಬಹುದು, ಎಲ್ಲಿಗೆ ತರಬಾರದು ಎಂದು ತೀರ್ಮಾನಿಸುತ್ತಿದ್ದ. ಗಂಡಸರು ಹಳ್ಳಿ ಹಳ್ಳಿ ತಿರುಗುವ ಪಾದ್ರಿಗಳು, ಬೆಳಿಗ್ಗೆ ಮನೆಯಲ್ಲಿರುತ್ತಾರೆಂಬ ಖಾತ್ರಿಯಿಲ್ಲ. ಹಾಗಾಗಿ ಯಾರೂ ಹಂಚದೆಯೇ ಈ ಕೆಲಸ ಹೆಂಗಸರ ಪಾಲಿಗೆ ಬಂದಿತ್ತು.

ಭಾನುವಾರ ಚರ್ಚಿನ ಸಭೆಯಲ್ಲಿ ದೇವರ ಉಪಕಾರವನ್ನು ಎದ್ದು ನಿಂತು ಹೇಳುವ ಸಾಕ್ಷಿಯೇ ಬೇರೆ. ಅಲ್ಲಿ ಬಂದಿದ್ದ ಜ್ವರ ಇದ್ದುದಕ್ಕಿಂತ ಸ್ವಲ್ಪ ಜೋರಾಗಿರುತ್ತದೆ, ವಾಸಿಯಾದದ್ದು ಸ್ವಲ್ಪ ಬೇಗ. ಅದನ್ನು ಯಾರೂ ಸುಳ್ಳೆನ್ನುವುದಿಲ್ಲ. ಹವೆಯ ಸಾಕ್ಷಿಯಲ್ಲಿ ಆ ಸಲಿಗೆ ಇಲ್ಲ. ಬೆಟ್ಟದಾಚೆಯ ಲೋಂಗ್ ಬೇನಾದ ಲೂಡಿಯಾ ದಿನಾ "ಚೆನ್ನಾಗಿದೆ, ಚೂರೇ ಚೂರು ಮೋಡ" ಎನ್ನುತ್ತಿದ್ದಳು. "ಲೂಡಿಯಕ್ಕನ ಆಕಾಶ ಯಾವಾಗ್ಲೂ ಏದೆನ್ ತೋಟದ್ದೇ. ಮೈಸ್ಕೆ ಅಕ್ಕ, ನೀವು ಹೇಳಿ, ನಿಮ್ಮ ಮಾತನ್ನ ಕಣ್ಣು ಮುಚ್ಚಿ ನಂಬ್ತೀನಿ," ಎಂದು ರೂಬೆನ್ ನಗುತ್ತಿದ್ದ. ಲೋಂಗ್ ತಪಾಯ್‌ನಲ್ಲಿ ಹನ್ನೊಂದು ವರ್ಷ ಮೈಸ್ಕೆ ಕಂಡದ್ದನ್ನಷ್ಟೇ ಹೇಳಿದ್ದಳು.

ಅವಳ ಅಡುಗೆಮನೆಯ ಕಿಟಕಿಯಿಂದ ಎದುರು ಬೆಟ್ಟದ ಸಂದು ಕಾಣುತ್ತಿತ್ತು. ವಿಮಾನ ಬರಬೇಕಾದದ್ದು ಆ ಸಂದಿನಿಂದಲೇ. ಅಲ್ಲಿ ಜೇನು ಕಟ್ಟುವ ಎರಡು ಎತ್ತರದ ಮರಗಳು, ಒಂದು ಮೇಲೆ, ಒಂದು ಕೆಳಗೆ. ಎರಡೂ ಕಂಡರೆ ದಾರಿ ತೆರೆದಿದೆ. ಕೆಳಗಿನದೊಂದೇ ಕಂಡರೆ ರೂಬೆನ್ ಬರುವುದಿಲ್ಲ. ಸಂದಿಗಿಂತ ಮೊದಲು ಒಂದು ಕೆಂಪು ಬಂಡೆ ಸಿಗುತ್ತದೆ. ಅದನ್ನು ದಾಟಿದ ಮೇಲೆ ಕಣಿವೆ ಎಷ್ಟು ಕಿರಿದೆಂದರೆ ವಿಮಾನ ಹಿಂದಿರುಗಿಸಲು ಜಾಗವಿಲ್ಲ.

ಆ ಗುರುವಾರ ಆರು ಗಂಟೆಗೆ ಎರಡೂ ಮರಗಳಿದ್ದವು. ಮೈಸ್ಕೆ ಹಾಗೆಯೇ ಹೇಳಿದಳು. "ಹಾಗಾದ್ರೆ ನಿಮ್ಮ ಇಂಗ್ರಿ ಹೊರಟಳು," ಎಂದ ರೂಬೆನ್.

ಇಂಗ್ರಿಗೆ ಎಂಟು ವರ್ಷ. ಕರಾವಳಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳನ್ನು ನೋಡಿ ಐದು ತಿಂಗಳಾಗಿತ್ತು. ರಜೆ ಮೂರು ವಾರ, ನಾಳೆಯಿಂದ ವಿಮಾನ ರಿಪೇರಿಗೆ ಹೋಗುವುದೂ ಮೂರು ವಾರ. ಇವತ್ತು ಬರದಿದ್ದರೆ ಇನ್ನು ಐದು ತಿಂಗಳು. ಕಳೆದ ಕಾಗದದಲ್ಲಿ ಅವಳು ಬರೆದಿದ್ದಳು: 'ಮಮ್ಮಿ, ಜಡೆ ಹಾಕ್ಕೊಳೋದು ಕಲಿತಿದೀನಿ. ಇನ್ನು ನೀನು ಹಾಕೋದು ಬೇಕಾಗಿಲ್ಲ.' ಮೈಸ್ಕೆ ಅದನ್ನು ಗಂಡನಿಗೆ ಓದಿ ಹೇಳುವಾಗ ನಕ್ಕಿದ್ದಳು. ಆಮೇಲೆ ಎರಡು ದಿನ ಅವಳಿಗೆ ಊಟ ಸೇರಿರಲಿಲ್ಲ. ದೇವರ ಸೇವೆಗೆಂದು ತನ್ನ ನಾಡು ಮಿನಾಹಸಾ ಬಿಟ್ಟು ಬಂದಾಗ ಅವಳು ಮನೆ ಕೊಟ್ಟಳು, ತಂಗಿಯರನ್ನು ಕೊಟ್ಟಳು. ಮಗಳನ್ನೂ ಹೀಗೆ ಕಂತುಕಂತಾಗಿ ಕೊಡಬೇಕಾಗುತ್ತದೆ ಎಂದು ಯಾರೂ ಮೊದಲೇ ಹೇಳಿರಲಿಲ್ಲ.

ಗಂಡ ಹೆರ್ಲಿಂಗ್ ಊರವರ ಜೊತೆ ವಿಮಾನ ಇಳಿಯುವ ಓಡುದಾರಿಯಿಂದ ಹಂದಿಗಳನ್ನು ಅಟ್ಟಲು ಹೋಗಿದ್ದ. ಮನೆಯಲ್ಲಿ ಮೈಸ್ಕೆಯ ಜೊತೆ ಇದ್ದವಳು ಊರಿನ ಅಜ್ಜಿ, ಪೂಯಿ ಉಸುನ್. ಮೊಮ್ಮಗಳಂಥ ಇಂಗ್ರಿ ಬರುತ್ತಾಳೆಂದು ಮೆತ್ತಗಿನ ಅನ್ನವನ್ನು ಎಲೆಯಲ್ಲಿ ಕಟ್ಟುತ್ತ ಕೂತಿದ್ದಳು.

"ನಿಂತು ನಿಂತು ಕಿಟಕಿ ಸವೀತದೆ ಮಗಳೇ. ಕೂತ್ಕೊ."

"ಕೂತ್ರೆ ಮರ ಕಾಣಲ್ಲ ಪೂಯಿ."

ಏಳು ಗಂಟೆಯ ಹೊತ್ತಿಗೆ ನದಿಯ ಕಡೆಯಿಂದ ಮೋಡ ಮೇಲೇರಿ ಬೆಟ್ಟದ ನೆತ್ತಿಯಲ್ಲಿ ಕೂಡತೊಡಗಿತು. ಏಳೂ ಹದಿನೈದಕ್ಕೆ ಮೇಲಿನ ಮರದ ತಲೆ ಮಾಸಿತು. ಆಮೇಲೆ ಆ ಮರವೇ ಇಲ್ಲ, ಕೆಳಗಿನದೊಂದೇ. ಮೈಸ್ಕೆ ಕಿಟಕಿಯ ಗಾಜನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದಳು. ಗಾಜಿಗೇನೂ ಆಗಿರಲಿಲ್ಲ.

ಏಳೂ ಇಪ್ಪತ್ತಕ್ಕೆ ರೇಡಿಯೋ ಗುರುಗುಟ್ಟಿತು. "ತಪಾಯ್, ನಾನು ಬೇನಾ ಮೇಲಿದೀನಿ. ಇಲ್ಲೇ ಇಳೀಲಾ, ಮುಂದೆ ಬರ್ಲಾ? ಮರ ಎಷ್ಟು?" ಹಿಂದಿನಿಂದ ಇಂಜಿನಿನ ಸದ್ದಿನ ನಡುವೆ ಇನ್ನೊಂದು ದನಿ ನುಗ್ಗಿತು. "ಮಮ್ಮಿ, ನಾನು ಮುಂದಿನ ಸೀಟಲ್ಲಿದೀನಿ."

ಮೋಡ ಅಲುಗುತ್ತಿತ್ತು. ಇನ್ನೊಂದು ಗಳಿಗೆಗೆ ಸರಿಯಬಹುದು. ಎಷ್ಟು ಸಲ ಸರಿದಿಲ್ಲ? ರಾತ್ರಿಯೆಲ್ಲ ಪ್ರಾರ್ಥಿಸಿದ್ದಾಗಿತ್ತು. ನಂಬಿಕೆ ಅಂದರೆ ಕಾಣದ್ದನ್ನು ಇದೆ ಎನ್ನುವುದೇ ಅಲ್ಲವೇ ಎಂದು ಅವಳೊಳಗೆ ಯಾರೋ ಮೆಲ್ಲಗೆ ಕೇಳಿದರು. ಆ ದನಿ ಅವಳ ದನಿಯಂತೆಯೇ ಇತ್ತು.

"ಎರಡು," ಎಂದಳು ಮೈಸ್ಕೆ.

"ಸರಿ ಅಕ್ಕ. ಹದಿನೈದು ನಿಮಿಷ."

ಪೂಯಿ ಉಸುನ್ ಎಲೆ ಕೆಳಗಿಟ್ಟು ಕಿಟಕಿಯತ್ತ ಕಣ್ಣು ಕಿರಿದು ಮಾಡಿದಳು. "ಎರಡಾ? ನಂಗೆ ಒಂದೇ ಕಾಣ್ತದೆ. ವಯಸ್ಸಾಯ್ತು ಬಿಡು, ಕಣ್ಣು ಹೋಯ್ತು."

ಮೈಸ್ಕೆ ನೋಡುತ್ತಿದ್ದಂತೆಯೇ ಮೋಡ ಇಳಿಯಿತು, ಯಾವ ಅವಸರವೂ ಇಲ್ಲದೆ. ಕೆಳಗಿನ ಮರದ ಕೊಂಬೆಗಳು, ಆಮೇಲೆ ಕಾಂಡ, ಆಮೇಲೆ ಬೆಟ್ಟ. ಸಂದು ಇದ್ದ ಜಾಗದಲ್ಲಿ ಬಿಳಿ ಗೋಡೆ. ಅವಳು ರೇಡಿಯೋದ ಗುಂಡಿ ಒತ್ತಿದಳು.

"ರೂಬೆನ್, ತಪಾಯ್ ಮಾತಾಡ್ತಿದೀನಿ. ರೂಬೆನ್."

ಬರೀ ಸುಯ್ಯೆನ್ನುವ ಸದ್ದು. ಅವನು ಕೆಳಗಿಳಿದು ಬೆಟ್ಟದ ಮರೆಗೆ ಬಂದಿದ್ದ. ಕೊನೆಗೆ ಉತ್ತರಿಸಿದ್ದು ಲೂಡಿಯಾ. "ನಂಗೆ ಅವನು ಕೇಳಿಸ್ತಾನೆ ಮೈಸ್ಕೆ. ಏನು ಹೇಳ್ಲಿ?"

"ಒಂದೂ ಮರ ಇಲ್ಲ. ವಾಪಸ್ ತಿರುಗು ಅನ್ನು."

ಲೂಡಿಯಾ ಹೇಳುವುದು ಕೇಳಿಸಿತು. "ರೂಬೆನ್, ತಪಾಯ್‌ನಲ್ಲಿ ಚೂರು ಮೋಡ ಬಂದಿದೆಯಂತೆ, ತಿರುಗಿದ್ರೆ ಒಳ್ಳೇದಂತೆ." ಅವನ ಉತ್ತರ ಇಲ್ಲಿಗೆ ಕೇಳಲಿಲ್ಲ. ಲೂಡಿಯಾಳೇ ಮತ್ತೆ ಬಂದಳು. "ಐದು ನಿಮಿಷದ ಹಿಂದೆ ಎರಡೂ ಇತ್ತಲ್ಲ, ಹಾದುಹೋಗೋ ಮೋಡ ಇರ್ಬೇಕು, ಹತ್ರ ಬಂದು ನೋಡ್ತೀನಿ ಅಂತಾನೆ."

ಹತ್ತಿರ ಎಂದರೆ ಕೆಂಪು ಬಂಡೆಯ ಆಚೆ. ಕಣ್ಣು ಮುಚ್ಚಿ ನಂಬುವವನು ಈಗ ಅವಳ ಮಾತನ್ನೇ ಹಿಡಿದು ಬರುತ್ತಿದ್ದ, ಮುಂದಿನ ಸೀಟಿನಲ್ಲಿ ಇಂಗ್ರಿಯನ್ನು ಕೂರಿಸಿಕೊಂಡು.

"ಲೂಡಿಯಾ, ಕೇಳು. ಐದು ನಿಮಿಷದ ಹಿಂದೆ ಎರಡು ಇರ್ಲಿಲ್ಲ. ಒಂದೇ ಇತ್ತು. ನಾನು ಸುಳ್ಳು ಹೇಳಿದೆ."

"ಮೈಸ್ಕೆ, ಎಲ್ಲ ಮನೆಯವರೂ ಕೇಳ್ತಿದಾರೆ ಕಣೆ," ಎಂದಳು ಲೂಡಿಯಾ ದನಿ ತಗ್ಗಿಸಿ. "ತಪ್ಪು ನೋಡಿದ್ಲಂತೆ ಅಂತ ಹೇಳ್ಲಾ?"

"ಬೇಡ. ತಪ್ಪು ನೋಡಿಲ್ಲ. ನೋಡಿ ಸುಳ್ಳು ಹೇಳಿದೆ. ನಾನು ಹೇಳಿದ ಹಾಗೇ ಹೇಳು, ಒಂದಕ್ಷರ ಮೆತ್ತಗೆ ಮಾಡ್ಬೇಡ. ಇಲ್ದಿದ್ರೆ ಅವನು ತಿರುಗಲ್ಲ."

ಲೂಡಿಯಾ ಹೇಳಿದಳು. ಅಷ್ಟು ವರ್ಷದಲ್ಲಿ ಮೊದಲ ಸಲ ಏನನ್ನೂ ಸೇರಿಸದೆ ಹೇಳಿದಳು. ಮೈಸ್ಕೆ ತನ್ನದೇ ಮಾತನ್ನು ಇನ್ನೊಬ್ಬಳ ಬಾಯಲ್ಲಿ ಕೇಳಿದಳು. ಆಮೇಲೆ ರೇಡಿಯೋದಲ್ಲಿ ಏನೂ ಇಲ್ಲ. ಪೂಯಿ ಉಸುನ್ ಎದ್ದು ಬಂದು ಅವಳ ಬೆನ್ನ ಮೇಲೆ ಅಂಗೈ ಇಟ್ಟಳು. ಪ್ರಾರ್ಥನೆ ಮಾಡಬೇಕೆಂದು ಮೈಸ್ಕೆಗೆ ಅನಿಸಿತು. ಯಾವ ಮುಖ ಇಟ್ಟುಕೊಂಡು ಎಂದೂ ಅನಿಸಿತು. ಎರಡು ನಿಮಿಷವೋ, ನಾಲ್ಕೋ.

"ತಿರುಗಿದ," ಎಂದಳು ಲೂಡಿಯಾ. ಅವಳು ಅಳುತ್ತಿದ್ದಳು.

ಹೆರ್ಲಿಂಗ್ ಮೊಣಕಾಲುದ್ದ ಕೆಸರಿನಲ್ಲಿ ಓಡಿ ಬಂದಾಗ ವಿಮಾನ ಲೋಂಗ್ ಬೇನಾದಲ್ಲಿ ಇಳಿದಿತ್ತು. ಮೈಸ್ಕೆ ಅವನಿಗೆ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಅವನು ಹೊಸ್ತಿಲ ಮೇಲೆ ಕೂತುಬಿಟ್ಟ. "ನನ್ನನ್ನ ಕೇಳಿದ್ರೆ ನಾನೂ ಎರಡೇ ಅಂತಿದ್ನೇನೋ," ಎಂದ. ಅವಳಿಗೆ ಅದರಿಂದ ಸಮಾಧಾನವಾಗಲಿಲ್ಲ.

ರೂಬೆನ್ ಲೂಡಿಯಾಳ ರೇಡಿಯೋದಿಂದ ಮಾತಾಡಿದ. ದನಿ ಸಣ್ಣಗಿತ್ತು. "ಬಂಡೆ ರೆಕ್ಕೆಗೆ ತಾಗೋ ಹಾಗಿತ್ತು ಅಕ್ಕ. ಇನ್ಮೇಲೆ ತಪಾಯ್ ಹವೆ ಬೇರೆ ಯಾರಾದ್ರೂ ಹೇಳ್ಲಿ."

"ಸರಿ," ಎಂದಳು.

"ನಾನು ಈಗಲೇ ಹೊರಡ್ಬೇಕು, ಇನ್ನು ಮೂರು ವಾರ ವಿಮಾನ ಇಲ್ಲ. ಮಗುವನ್ನ ಇಲ್ಲಿ ಬಿಡೋದಾ, ವಾಪಸ್ ಹಾಸ್ಟೆಲಿಗೆ ಕರ್ಕೊಂಡು ಹೋಗೋದಾ? ಇಲ್ಲೇ ಬಿಟ್ರೆ ಶಾಲೆ ಶುರುವಾಗೋ ಮುಂಚೆ ನೀವೇ ದೋಣೀಲಿ ತಲುಪಿಸ್ಬೇಕು, ಆರು ದಿನದ ದಾರಿ."

"ಅವಳನ್ನೇ ಕೇಳ್ತೀನಿ. ಕೊಡು."

ಗುಂಡಿ ಒತ್ತಿದ ಸದ್ದು. ಪುಟ್ಟ ಉಸಿರು. ಎಂಟು ಮನೆಗಳಲ್ಲಿ ಎಂಟು ಹೆಂಗಸರು ಕಿವಿಗೊಟ್ಟು ನಿಂತಿರುವುದು ಮೈಸ್ಕೆಗೆ ಗೊತ್ತಿತ್ತು.

"ಮಮ್ಮಿ, ನೀನು ಸುಳ್ಳು ಹೇಳಿದ್ಯಾ?"

"ಹೌದು ಮಗಳೇ."

"ಯಾಕೆ?"

"ನಿನ್ನನ್ನ ನೋಡ್ಬೇಕಿತ್ತು. ಆದ್ರೂ ಹಾಗೆ ಹೇಳ್ಬಾರದಿತ್ತು. ನಿಂಗೂ ರೂಬೆನ್ ಮಾಮಂಗೂ ಏನಾದ್ರೂ ಆಗಿದ್ರೆ ಅದು ನನ್ನಿಂದಲೇ ಆಗ್ತಿತ್ತು."

ಹೆರ್ಲಿಂಗ್ ಎದ್ದು ಬಂದು ರೇಡಿಯೋದ ಪಕ್ಕ ನಿಂತ. ಇಂಗ್ರಿ ಹಾಸ್ಟೆಲಿಗೆ ಹೋಗುತ್ತೇನೆ ಎಂದರೆ ಹೋಗಲಿ ಎಂದು ಮೈಸ್ಕೆ ಮನಸ್ಸನ್ನು ಬಿಗಿ ಮಾಡಿಕೊಂಡಳು.

"ಇಲ್ಲಿಗೆ ನಡ್ಕೊಂಡು ಬರೋಕೆ ಎಷ್ಟು ದಿನ ಬೇಕು?" ಎಂದು ಕೇಳಿದಳು ಇಂಗ್ರಿ.

ಮೈಸ್ಕೆ ಪೂಯಿ ಉಸುನ್ ಕಡೆ ನೋಡಿದಳು. ಅಜ್ಜಿ ಎರಡು ಬೆರಳು ಎತ್ತಿ, ಮೈಸ್ಕೆಯ ಕಾಲುಗಳನ್ನೊಮ್ಮೆ ದಿಟ್ಟಿಸಿ, ಮೂರನೆಯದನ್ನೂ ಎತ್ತಿದಳು.

"ಮೂರು ದಿನ," ಎಂದಳು ಮೈಸ್ಕೆ.

"ಹಾಗಾದ್ರೆ ಈಗ್ಲೇ ಹೊರಡು," ಎಂದಳು ಮಗಳು. "ನಾನು ಲೂಡಿಯಾ ಆಂಟಿ ಮನೇಲಿರ್ತೀನಿ."